ಗುಡುಗಪ್ಪನ ಜಲವಿಹಾರ

ಜಗಳಕ್ಕೆ ಕಾರಣ ಗಂಡನ ಧ್ವನಿ. ಮನೆಯೊಳಗಿನದ್ದಲ್ಲ, ಬೀದಿಯದ್ದು.

ಗುಡುಗಪ್ಪ ನಗರಾಡಳಿತದ ಕಚೇರಿಯಲ್ಲಿ ಒಡೆದ ನಲ್ಲಿ, ಕಟ್ಟಿಕೊಂಡ ಚರಂಡಿಗಳ ದೂರು ಕೇಳುವ ಗುಮಾಸ್ತ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು. ಆಳು ನೋಡಿದರೆ ಒಣಗಿದ ಬೆಂಡೆಕಾಯಿ; ಬಾಯಿ ತೆರೆದರೆ ಖಾಲಿ ಗೋದಾಮಿನಲ್ಲಿ ಪೀಪಾಯಿ ಉರುಳಿಸಿದಂಥ ಸ್ವರ. ಸೋಂಕು ಊರಿಗೆ ಕಾಲಿಟ್ಟಾಗ ಜನರನ್ನು ಎಚ್ಚರಿಸಲು ಕಚೇರಿಗೆ ಒಂದು ಗಟ್ಟಿ ಗಂಟಲು ಬೇಕಾಯಿತು. ಅವನನ್ನು ಕೋಣೆಯೊಳಗೆ ಕೂರಿಸಿ, ಮೂತಿಗೆ ಮೈಕು ಹಿಡಿದು ಓದಿಸಿದರು. ಅಂದಿನಿಂದ ನೆತ್ತಿಯ ಮೇಲೆ ಸ್ಪೀಕರು ಹೊತ್ತ ವ್ಯಾನೊಂದು ಬೀದಿ ಬೀದಿ ಸುತ್ತಿ ಅವನ ಸ್ವರವನ್ನು ಸುರಿಯತೊಡಗಿತು:

“ಮಹಾಜನಗಳೇ! ಅನಗತ್ಯವಾಗಿ ಮನೆಯಿಂದ ಹೊರಬರಬೇಡಿ. ವಿಹಾರ, ಪ್ರವಾಸ, ಔತಣ ಎಲ್ಲವನ್ನೂ ಮುಂದೂಡಿ. ನಿಮ್ಮವರ ಮೇಲಿನ ಪ್ರೀತಿಯನ್ನು ದೂರದಿಂದಲೇ ತೋರಿಸಿ!”

ಸ್ವರ ಊರಿಗೆಲ್ಲ ಪರಿಚಯವಾಯಿತು. ಮುಖ ಮಾತ್ರ ಕಚೇರಿಯವರಿಗೆ ಮತ್ತು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೆಂಡತಿಗೆ ತಲೆ ಕೆಟ್ಟುಹೋಗಿತ್ತು. “ಮನೇಲೂ ನೀವೇ, ಬೀದೀಲೂ ನೀವೇ! ಸ್ನಾನಕ್ಕೆ ಹೋದ್ರೆ ಕಿಟಕಿಯಿಂದ ನೀವು ಬೈತಾ ಇರ್ತೀರಿ, ಹೊರಗೆ ಬಂದ್ರೆ ಟವೆಲ್ ಎಲ್ಲಿ ಅಂತ ನೀವೇ ಕೂಗ್ತೀರಿ. ಆ ವ್ಯಾನು ಬರಕ್ಕಾಗದೇ ಇರೋ ಜಾಗಕ್ಕೆ ಒಂದೇ ಒಂದು ದಿನ ಕರ್ಕೊಂಡು ಹೋಗಿ.”

“ಅಂಥ ಜಾಗ ಎಲ್ಲಿದೆ ಕಣೇ?”

“ನದಿ ಮೇಲೆ!”

ನಿರ್ಬಂಧ ಸ್ವಲ್ಪ ಸಡಿಲವಾಗಿ, ಅರ್ಧ ಸೀಟು ಖಾಲಿ ಬಿಟ್ಟು ವಿಹಾರದ ಲಾಂಚು ಓಡಿಸಬಹುದು ಎಂದು ಅಪ್ಪಣೆಯಾಗಿತ್ತು. ವ್ಯಾನಿನ ಸ್ವರ ಮಾತ್ರ ಸಡಿಲವಾಗಿರಲಿಲ್ಲ.

“ನಾನು ಹೋದ್ರೆ ಜನ ಏನಂತಾರೆ? ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರೆ.”

“ನಿಮ್ಮ ಮುಖ ಯಾರಿಗ್ರೀ ಗೊತ್ತು? ಅದೂ ಅರ್ಧ ಮುಚ್ಚಿರತ್ತೆ. ದಡಕ್ಕೆ ವಾಪಸ್ ಬರೋ ತನಕ ಬಾಯಿ ತೆಗೀಬೇಡಿ, ಸಾಕು. ಮಾತೆಲ್ಲ ನಾನಾಡ್ತೀನಿ.”

ಅದೇನೂ ಹೊಸ ಏರ್ಪಾಡಲ್ಲ ಎಂದುಕೊಂಡು ಗುಡುಗಪ್ಪ ಒಪ್ಪಿಕೊಂಡ.

ಭಾನುವಾರ ಬೆಳಗ್ಗೆ ದಡದಲ್ಲಿ ಲಾಂಚಿನ ಮೇಲ್ವಿಚಾರಕ ಒಬ್ಬೊಬ್ಬರ ಹಣೆಗೂ ಪಿಸ್ತೂಲಿನಂಥ ಜ್ವರಮಾಪಕ ಹಿಡಿದು ಒಳಗೆ ಬಿಡುತ್ತಿದ್ದ. ಗುಡುಗಪ್ಪನ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಹಣೆ ತಣ್ಣಗಿತ್ತು. ಒಂದು ಬಿಟ್ಟು ಒಂದು ಕುರ್ಚಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಅವನು ಅಂಚಿನ ಕುರ್ಚಿಯಲ್ಲಿ ಕೂತು ನೀರು ನೋಡತೊಡಗಿದ. ಲಾಂಚು ಹೊರಟಿತು. ಗಾಳಿ ಬೀಸಿತು. ಹೆಂಡತಿ ಕಣ್ಣು ಮುಚ್ಚಿ, “ಆಹಾ, ಎಷ್ಟು ನಿಶ್ಶಬ್ದ!” ಎಂದಳು.

“ನಮಸ್ಕಾರ! ಯಾವ ಕಡೆಯವರು?” ಎಂದು ಪಕ್ಕದಿಂದ ಧ್ವನಿ ಬಂತು.

ಪಟ್ಟಿ ಕಟ್ಟಿದ ಕುರ್ಚಿಯ ಆಚೆ ಒಬ್ಬ ದಪ್ಪ ಮನುಷ್ಯ ಕೂತಿದ್ದ. ತಾನು ಔಷಧಿ ಅಂಗಡಿಯ ಮಾಲೀಕ ಎಂದು ಕೇಳದೆಯೇ ಹೇಳಿದ. ಅರ್ಧ ಡಾಕ್ಟರು ಎಂಬುದನ್ನೂ ತಾನೇ ಸೇರಿಸಿದ. ಗುಡುಗಪ್ಪ ತಲೆಯಾಡಿಸಿ ನಕ್ಕ. ನಗು ಮಾಸ್ಕಿನೊಳಗೇ ಉಳಿಯಿತು.

“ಇವರು ಮಾತು ಕಮ್ಮಿ,” ಎಂದಳು ಹೆಂಡತಿ.

“ಪರವಾಗಿಲ್ಲ, ನಾನು ಜಾಸ್ತಿ,” ಎಂದ ಅವನು. ಮಾತು ಸೋಂಕಿಗೆ, ಸೋಂಕಿನಿಂದ ವ್ಯಾನಿಗೆ ಬಂತು. “ಆ ವ್ಯಾನಿನಲ್ಲಿ ಮಾತಾಡ್ತಾನಲ್ಲ, ಪುಣ್ಯಾತ್ಮ, ನಂಗೆ ಬಹಳ ಬೇಕಾದವನು. ಒಂದೇ ತಟ್ಟೇಲಿ ಊಟ ಮಾಡಿದ್ದೀವಿ. ಆರಡಿ ಆಳು, ಈ ಅಗಲ ಎದೆ! ಸುಮ್ನೆ ಬರತ್ತಾ ಆ ಸ್ವರ?”

ಆ ಗಳಿಗೆಯಲ್ಲಿ ಗುಡುಗಪ್ಪ ಮಾಸ್ಕು ಇಳಿಸಿ ಲಾಂಚಿನಲ್ಲಿ ಕೊಟ್ಟ ಚಹಾ ಗುಟುಕರಿಸುತ್ತಿದ್ದ. ಚಹಾ ಹೋಗಬಾರದ ದಾರಿಯಲ್ಲಿ ಹೋಯಿತು. ಅವನು ಕೆಮ್ಮಿದ. ಅವನ ಕೆಮ್ಮೂ ಅವನ ಸ್ವರದ ಒಡಹುಟ್ಟು. ಮಳೆಯಲ್ಲಿ ನಿಂತಿದ್ದ ಹಳೇ ಲಾರಿ ಚಾಲೂ ಆದಂತಿತ್ತು.

ಲಾಂಚಿಗೆ ಲಾಂಚೇ ತಿರುಗಿ ನೋಡಿತು.

“ಏನಿಲ್ಲ, ಏನಿಲ್ಲ,” ಹೆಂಡತಿ ಗಾಬರಿಯಲ್ಲಿ ಎದ್ದು ನಿಂತಳು. “ಅವರಿಗೆ ಗಂಟಲು ಸ್ವಲ್ಪ...” ಅಷ್ಟರಲ್ಲಿ ನಾಲಿಗೆ ಕಚ್ಚಿಕೊಂಡಳು. ತಡವಾಗಿತ್ತು.

ಔಷಧಿ ಅಂಗಡಿಯವನು ಹಾವು ತುಳಿದವನಂತೆ ಹಿಂದಕ್ಕೆ ಹಾರಿದ. “ಗಂಟಲಾ? ಅದಕ್ಕೇ ಮಾತಿಲ್ಲ! ಸ್ವಾಮಿ, ಬಾಯಿ ಬಿಟ್ಟು ಹೇಳಿ, ಎಷ್ಟು ದಿನದಿಂದ?”

ಗುಡುಗಪ್ಪ ಕೈಯಾಡಿಸಿ ‘ಏನೂ ಇಲ್ಲ’ ಎಂದು ತೋರಿಸಿದ.

“ನೋಡಿ, ನೋಡಿ, ಕೈ ನಡುಗ್ತಿದೆ! ಚಳಿ!” ಅವನು ಜೇಬಿನಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ದೂರದಿಂದ ಚಾಚಿದ. “ಇದರ ವಾಸನೆ ಬರ್ತಿದೆಯಾ? ಏನಿದು ಹೇಳಿ.”

ಮುಲಾಮು ಎಂದು ಹೇಳುವುದು ಹೇಗೆ? ಗುಡುಗಪ್ಪ ಹಣೆಗೆ ಉಜ್ಜಿಕೊಳ್ಳುವಂತೆ ಅಭಿನಯಿಸಿದ.

“ತಲೆನೋವೂ ಇದೆಯಂತೆ!”

ಚಹಾ ಕಾರಣ ಎಂದು ತೋರಿಸಲು ಲೋಟವನ್ನೂ ಗಂಟಲನ್ನೂ ಮುಟ್ಟಿ ತೋರಿಸಿದ.

“ನೀರೂ ಇಳೀತಿಲ್ಲವಂತೆ!”

ಜನರೆಲ್ಲ ಎದ್ದರು. ದೂರ ದೂರ ಕೂತಿದ್ದವರು ಆಚೆ ಅಂಚಿಗೆ ಓಡಿ, ಒಬ್ಬರ ಹೆಗಲಿಗೆ ಒಬ್ಬರು ಒತ್ತಿ, ಉಪ್ಪಿನಕಾಯಿ ಜಾಡಿಯ ಹೋಳುಗಳಂತೆ ಸೇರಿಕೊಂಡರು. ಲಾಂಚು ಆ ಕಡೆಗೆ ವಾಲಿತು. “ಅಯ್ಯೋ ಹರಡಿಕೊಳ್ರೋ, ಮುಳುಗ್ತೀವಿ!” ಎಂದು ಮೇಲ್ವಿಚಾರಕ ಬೊಬ್ಬೆ ಹೊಡೆದ. ಈಚೆ ಬದಿಯಲ್ಲಿ ಉಳಿದವರು ಗುಡುಗಪ್ಪ, ತಲೆ ಮೇಲೆ ಕೈ ಹೊತ್ತ ಹೆಂಡತಿ, ಮತ್ತು ಮಂಡಿ ನೋವಿನಿಂದ ಏಳಲಾಗದೆ ಮುಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಅಜ್ಜಿ.

ಆಗಲೇ ಲಾಂಚಿನ ಸ್ಪೀಕರು ಗೊರಗೊರ ಎಂದಿತು. ವಿಹಾರಕ್ಕೆ ಅಪ್ಪಣೆ ಕೊಟ್ಟವರು ಇದೊಂದು ಷರತ್ತು ಹಾಕಿದ್ದರು: ದಾರಿಯುದ್ದಕ್ಕೂ ಆಗಾಗ ಎಚ್ಚರಿಕೆ ಕೇಳಿಸಬೇಕು.

“ಮಹಾಜನಗಳೇ! ನಿಮ್ಮ ಪಕ್ಕದಲ್ಲಿರುವವರಿಗೆ ಕೆಮ್ಮು, ಗಂಟಲು ನೋವು ಕಂಡುಬಂದರೆ ಮುಲಾಜಿಲ್ಲದೆ ಬೇರೆ ಇರಿಸಿ. ಅವರು ನಿಮ್ಮವರೇ ಆಗಿದ್ದರೂ ಸರಿ!”

ಹೆಂಡತಿ ಸ್ಪೀಕರನ್ನು ನೋಡಿದಳು. ಗಂಡನನ್ನು ನೋಡಿದಳು. ಆ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳುತ್ತಿತ್ತು.

“ಕೇಳಿದ್ರಾ? ಅವನು ಹೇಳಿದ್ಮೇಲೆ ಮುಗೀತು!” ಎಂದು ಔಷಧಿ ಅಂಗಡಿಯವನು ತೀರ್ಪು ಕೊಟ್ಟ.

ಹೀಗೆ ಗುಡುಗಪ್ಪ ತನ್ನ ಆಜ್ಞೆಯ ಮೇರೆಗೆ ತಾನೇ ಬಂಧಿಯಾದ. ಮುಂಭಾಗದಲ್ಲಿ ಲೈಫ್ ಜಾಕೆಟ್ಟು ತುಂಬಿಡುವ ಗೂಡಿನಂಥ ಕೋಣೆಗೆ ಅವನನ್ನು ಕೋಲಿನ ತುದಿಯಿಂದ ದಾರಿ ತೋರಿಸಿ ಸೇರಿಸಿ, ಹೊರಗಿನಿಂದ ಚಿಲಕ ಹಾಕಿದರು. ಒದ್ದೆ ರಬ್ಬರಿನ ವಾಸನೆಯ ನಡುವೆ ಮೊಣಕಾಲಿಗೆ ಗಲ್ಲ ತಾಗಿಸಿ ಕೂತಾಗ ಅವನಿಗೆ, ನದಿಯಾದರೂ ಬಾಯಿ ತೆರೆದು ನುಂಗಬಾರದೇ ಎನ್ನಿಸಿತು.

ಅಂಗೈಯಗಲದ ಕಿಟಕಿಯ ಹೊರಗೆ ಅಜ್ಜಿಯ ಬೆಂಚು ಇತ್ತು.

“ಹೆದರ್ಕೋಬೇಡಪ್ಪ,” ಎಂದಿತು ಮೆಲ್ಲಗೆ ಅಜ್ಜಿಯ ದನಿ. “ವಾಸಿಯಾಗತ್ತೆ. ನೀನು ಮಾತಾಡಬೇಡ, ಗಂಟಲಿಗೆ ಆಯಾಸ. ನಾನು ಹೇಳ್ತೀನಿ, ಕೇಳ್ತಾ ಇರು.”

ಕೇಳುತ್ತಿದ್ದೇನೆ ಎಂಬಂತೆ ಅವನು ಗೋಡೆಯ ಹಲಗೆಯನ್ನು ಮೆಲ್ಲಗೆ ತಟ್ಟಿದ.

“ಇವತ್ತು ನಾನು ಮೋಜಿಗೆ ಬಂದೋಳಲ್ಲ. ಮುಂದಿನ ತಿರುವು ದಾಟಿದ್ರೆ ಬಲಗಡೆ ದಡದಲ್ಲಿ ಹಸಿರು ಬಾಗಿಲಿನ ಮನೆ ಇದೆ. ನಮ್ಮಕ್ಕಂದು. ಈ ರೋಗದಲ್ಲೇ ಹೋದ್ಳು. ಕೊನೇ ದಿನ, ನೋಡಬೇಕು ಬಾ ಅಂತ ಹೇಳಿ ಕಳಿಸಿದ್ಳು. ನಾನು ಚಪ್ಪಲಿ ಮೆಟ್ಟಿ ಹೊಸಿಲು ದಾಟಿದ್ದೆ. ಅಷ್ಟು ಹೊತ್ತಿಗೆ ಆ ವ್ಯಾನು ಬಂತು. ‘ಪ್ರೀತಿಯನ್ನು ದೂರದಿಂದಲೇ ತೋರಿಸಿ’ ಅಂದ್ರು ಅವರು. ಅಷ್ಟು ಗಟ್ಟಿಯಾಗಿ ಹೇಳ್ತಿದ್ದಾರೆ ಅಂದ್ರೆ ಸುಮ್ನೆ ಇರತ್ತಾ? ಚಪ್ಪಲಿ ಬಿಟ್ಟು ಒಳಗೆ ಬಂದುಬಿಟ್ಟೆ.”

ಗುಡುಗಪ್ಪನ ಕೈ ಹಲಗೆಯ ಮೇಲೆಯೇ ನಿಂತಿತು.

“ಮನೆ ಮಾರಿಬಿಟ್ಟಿದ್ದಾರಂತೆ. ಒಡೆಯೋದರೊಳಗೆ ಒಂದು ಸಲ ನೋಡ್ಬೇಕು, ಅದೂ ದೂರದಿಂದ. ಅದಕ್ಕೇ ಈ ದೋಣಿ ಹತ್ತಿದೆ. ಆ ವ್ಯಾನಿನವರ ಮಾತು ಮೀರಿದ ಹಾಗೂ ಆಗಲ್ಲ, ನೋಡು.”

ಇಂಜಿನ್ನಿನ ಸದ್ದು ಬದಲಾಯಿತು. ಆಚೆ ಬದಿಯಲ್ಲಿ ಗದ್ದಲವೆದ್ದಿತು. ಮೇಲ್ವಿಚಾರಕನ ಕೂಗು ಕೇಳಿಸಿತು: “ಎಲ್ಲರೂ ಸಮಾಧಾನವಾಗಿರಿ! ದೋಣಿ ವಾಪಸ್ ತಿರುಗಿಸ್ತಿದ್ದೀವಿ. ಮುಂದಕ್ಕೆ ಹೋಗಲ್ಲ!”

ಕಿಟಕಿಯ ಅಂಚನ್ನು ಹಿಡಿದಿದ್ದ ಅಜ್ಜಿಯ ಬೆರಳು ಸಡಿಲವಾಗಿ ಕೆಳಗಿಳಿಯಿತು.

ಗುಡುಗಪ್ಪನಿಗೆ ಹೆಂಡತಿಗೆ ಕೊಟ್ಟ ಮಾತು, ಮಾನ, ಮರ್ಯಾದೆ ಎಲ್ಲ ಮರೆತುಹೋಯಿತು. ಅವನು ಕಿಟಕಿಗೆ ಬಾಯಿ ಇಟ್ಟ.

“ನಿಲ್ಲಿಸಿ! ದೋಣಿ ತಿರುಗಿಸಬೇಡಿ!”

ದಡದ ಮರದಿಂದ ಹಕ್ಕಿಗಳು ಹಾರಿದವು. ಇಂಜಿನ್ನು ಓಡಿಸುವವನು ಕೈ ಎತ್ತಿಬಿಟ್ಟ. ಇನ್ನೊಂದು ವಿಚಿತ್ರವೂ ನಡೆಯಿತು: ಒತ್ತಿಕೊಂಡು ನಿಂತಿದ್ದ ಜನ ಆ ಸ್ವರ ಕಿವಿಗೆ ಬಿದ್ದದ್ದೇ ತಡ, ರೂಢಿಯ ಬಲದಿಂದ ಮಾಸ್ಕು ಸರಿಮಾಡಿಕೊಂಡು ತಂತಾನೇ ದೂರ ದೂರ ಸರಿದರು. ವಾಲಿದ್ದ ಲಾಂಚು ನೆಟ್ಟಗಾಯಿತು.

ಮೇಲ್ವಿಚಾರಕ ಓಡಿಬಂದು ಚಿಲಕ ತೆಗೆದ. ಕೆದರಿದ ಕೂದಲು, ಕುತ್ತಿಗೆಗೆ ಸಿಕ್ಕಿಕೊಂಡ ಲೈಫ್ ಜಾಕೆಟ್ಟಿನ ಪಟ್ಟಿ ಸಮೇತ ಗುಡುಗಪ್ಪ ಹೊರಗೆ ಬಂದ.

“ಮಹಾಜನಗಳೇ,” ಎಂದು ಶುರುಮಾಡಿದ. ಬೇರೆ ಆರಂಭ ಅವನಿಗೆ ಬರುತ್ತಿರಲಿಲ್ಲ. “ನನಗೆ ಯಾವ ರೋಗವೂ ಇಲ್ಲ. ಚಹಾ ಗಂಟಲಿಗೆ ಸಿಕ್ಕಿತ್ತು, ಅಷ್ಟೇ. ದಯವಿಟ್ಟು ದೋಣಿಯನ್ನು ಮುಂದಿನ ತಿರುವಿನ ಆಚೆಯವರೆಗಾದರೂ ಒಯ್ಯಿರಿ. ನಾನು ಬಾಯಿ ಬಿಡದೆ ಇದ್ದದ್ದು ಯಾಕೆ ಅಂದರೆ... ಈ ಸ್ವರ...”

ನುಂಗಲಾರ, ಉಗುಳಲಾರ. ಕಿವಿಯಿಂದ ಪಾದದವರೆಗೆ ನಾಚಿಕೆ ಬಿಸಿ ನೀರಿನಂತೆ ಇಳಿಯಿತು. ಹೆಂಡತಿ ನೆಲ ನೋಡುತ್ತಿದ್ದಳು.

“ಅಬ್ಬಬ್ಬಾ!” ಔಷಧಿ ಅಂಗಡಿಯವನು ಚಪ್ಪಾಳೆ ತಟ್ಟಿದ. “ಏನ್ ಮಿಮಿಕ್ರಿ ಸ್ವಾಮಿ! ನಮ್ಮವನೇ ಬಂದು ನಿಂತ ಹಾಗಿತ್ತು! ಕಲಾವಿದರು ಅಂತ ಮೊದಲೇ ಹೇಳಬಾರದಾ? ಇಷ್ಟು ಗಂಟಲಿರೋನಿಗೆ ಎಲ್ಲಿಯ ರೋಗ?”

ಚಪ್ಪಾಳೆ ಲಾಂಚಿನ ತುಂಬ ಹಬ್ಬಿತು. ಹೆಂಡತಿ ಸರ್ರನೆ ತಲೆ ಎತ್ತಿದಳು. “ಹೌದು, ಹೌದು! ಮನೇಲೂ ದಿನಾ ಇದೇ ಅಭ್ಯಾಸ,” ಎಂದಳು. ಅದರಲ್ಲಿ ಸುಳ್ಳು ಕಮ್ಮಿಯೇ ಇತ್ತು.

ಗುಡುಗಪ್ಪ ‘ಅಲ್ಲ’ ಎನ್ನಬೇಕಿತ್ತು. ಎನ್ನಲಿಲ್ಲ. ಲಾಂಚು ಮುಂದೆ ಹೊರಟಿತು.

“ಇನ್ನೊಂದು ಸಲ! ವಿಹಾರ, ಪ್ರವಾಸದ್ದು ಹೇಳಿ!” ಎಂದು ಜನ ಪಟ್ಟು ಹಿಡಿದರು. ವಿಹಾರದ ಲಾಂಚಿನಲ್ಲಿ ನಿಂತು, ವಿಹಾರಕ್ಕೆ ಹೋಗಬೇಡಿ ಎಂದು ಅವನು ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಔಷಧಿ ಅಂಗಡಿಯವನು ನಗಲಿಲ್ಲ. ತಲೆ ಓರೆ ಮಾಡಿ ಪರೀಕ್ಷಕನಂತೆ ಕೇಳಿಸಿಕೊಂಡ. “‘ಮುಂದೂಡಿ’ ಅನ್ನೋದು ಸ್ವಲ್ಪ ತೆಳ್ಳಗಾಯ್ತು. ಅವನು ಹೊಟ್ಟೆಯಿಂದ ತೆಗೀತಾನೆ. ಪ್ರಯತ್ನ ಬಿಡಬೇಡಿ, ಬರತ್ತೆ.”

ಬರುತ್ತೆ ಎಂದು ಗುಡುಗಪ್ಪ ತಲೆಯಾಡಿಸಿದ.

ತಿರುವು ದಾಟಿತು. ಗುಡುಗಪ್ಪ ಕೇಳಿಕೊಂಡಂತೆ ಮೇಲ್ವಿಚಾರಕ ಲಾಂಚನ್ನು ನಿಧಾನ ಮಾಡಿಸಿದ. ಬಲದಂಡೆಯಲ್ಲಿ ಹಸಿರು ಬಾಗಿಲಿನ ಒಂದು ಸಣ್ಣ ಮನೆ. ಬಾಗಿಲಿಗೆ ಬೀಗ, ಮೆಟ್ಟಿಲ ಮೇಲೆ ಒಣಗಿದ ಎಲೆ. ಅಜ್ಜಿ ಬೆಂಚಿನ ಹಿಡಿಕೆಯನ್ನು ಊರಿ ಎದ್ದು ನಿಂತರು. ಆ ಮನೆ ಹಿಂದೆ ಸರಿದು ಮರಗಳ ನಡುವೆ ಮರೆಯಾಗುವವರೆಗೂ ಕೂರಲಿಲ್ಲ. ಆಮೇಲೆ ಕೂತು, ಗುಡುಗಪ್ಪನನ್ನು ಕೈಸನ್ನೆ ಮಾಡಿ ಕರೆದರು. ಅವನು ಹೋಗಿ ಎರಡು ಮಾರು ದೂರದಲ್ಲಿ ನಿಂತ.

“ನಿನ್ನಿಂದ ನೋಡಿದ ಹಾಗಾಯ್ತಪ್ಪ. ಒಂದು ಮಾತು ಕೇಳ್ಲಾ? ನಗಬಾರದು.”

“ಇಲ್ಲಮ್ಮ,” ಎಂದ ಪಿಸುದನಿಯಲ್ಲಿ.

“ಆ ವ್ಯಾನಿನವರ ಸ್ವರದಲ್ಲಿ ನಂಗೊಂದು ಮಾತು ಹೇಳು. ‘ನೀವು ಹೋಗದೇ ಇದ್ದದ್ದೇ ಸರಿ’ ಅಂತ. ಸುಳ್ಳಾದ್ರೂ ಪರವಾಗಿಲ್ಲ, ಕೇಳ್ಬೇಕು ಅನ್ನಿಸ್ತಿದೆ.”

ಈಗಲಾದರೂ ಹೇಳಿಬಿಡಬೇಕು ಎಂದು ಗುಡುಗಪ್ಪ ಬಾಯಿ ತೆರೆದ. ‘ಅಮ್ಮಾ, ನಾನೇ’ ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುದುಕಿಯ ಕಣ್ಣು ನೋಡಿದ. ಅವನು ‘ನಾನೇ’ ಎಂದರೆ, ಹೊಸಿಲಿನಿಂದ ಅವರನ್ನು ಹಿಂದಕ್ಕೆ ಕಳಿಸಿದವನು ಭಾನುವಾರ ಹೆಂಡತಿಯ ಜೊತೆ ಗಾಳಿ ತೆಗೆದುಕೊಳ್ಳಲು ಬಂದಿದ್ದಾನೆ ಎಂದಾಗುತ್ತಿತ್ತು.

“ನೀವು ಹೋಗದೇ ಇದ್ದದ್ದೇ ಸರಿ,” ಎಂದ. ಹೊಟ್ಟೆಯಿಂದಲೇ ತೆಗೆದ. ಆದರೆ ಸ್ವರ ನಡುವೆ ಒಡೆಯಿತು.

ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮಗುವಿನ ಚಿತ್ರಕ್ಕೆ ಅಂಕ ಕೊಡುವವರಂತೆ ಪ್ರೀತಿಯಿಂದ ತಲೆಯಾಡಿಸಿದರು.

“ಬಹಳ ಹತ್ತಿರ ಬಂತಪ್ಪ. ಬೇಜಾರ್ ಮಾಡ್ಕೋಬೇಡ, ಆದ್ರೂ ಅವರ ಹಾಗೆ ಬರಲ್ಲ. ಅವರು ಹೇಳಿದ್ದನ್ನ ತಾವೂ ಮಾಡೋರು ನೋಡು, ಅದು ಸ್ವರದಲ್ಲೇ ಗೊತ್ತಾಗತ್ತೆ. ಈ ಹೊತ್ತಲ್ಲೂ ಎಲ್ಲೋ ಬಾಗಿಲು ಹಾಕ್ಕೊಂಡು ಮನೇಲಿ ಕೂತಿರ್ತಾರೆ, ಪಾಪ.”

“ಹೌದಮ್ಮ,” ಎಂದ ಗುಡುಗಪ್ಪ. “ಕೂತಿರ್ತಾರೆ.”