ಮಲಗಿ ತುಳಿಯುವ ಸೈಕಲ್ಲು

ಪ್ರಯಾಣಿಕರ ಸೈಕಲ್ ಹೊರಲೆಂದು ಬಸ್ಸಿನ ಮೂತಿಗೆ ಸಿಕ್ಕಿಸಿದ್ದ ಸ್ಟ್ಯಾಂಡಿಗಿಂತ ಸೈಕಲ್ಲೇ ಒಂದು ಮೊಳ ಉದ್ದವಿತ್ತು. ಗಡಿಯಾರ ರಿಪೇರಿಯವನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದಲೇ.

"ಇದೇನ್ರೀ, ಸೈಕಲ್ಲೋ ಮಂಚವೋ?" ಎಂದ ಡ್ರೈವರ್.

"ಮಲಗಿಕೊಂಡು ತುಳಿಯೋದು ಸಾರ್. ನಮ್ಮಣ್ಣನಿಗೆ. ಕಾಲು ಆಡುತ್ತೆ, ಸೊಂಟ ನಿಲ್ಲಲ್ಲ. ಮೂರು ವರ್ಷದಿಂದ ಹಾಸಿಗೆ ಹಿಡಿದಿದಾನೆ."

ಅಣ್ಣ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಕೆಳಗೆ ಹಿಡಿದುಕೊಂಡಿದ್ದವನು ಇವನೇ. ಗಂಟೆ ನೋಡಲೆಂದು ಒಂದೇ ಒಂದು ಸಲ ಕೈ ಬಿಟ್ಟಿದ್ದ, ಅಷ್ಟೇ. ಅಂದಿನಿಂದ ಪ್ರತಿ ಭಾನುವಾರ ಹೋಗಿ ಅಣ್ಣನ ಮೈ ಒರೆಸಿ, ಗಡ್ಡ ಬೋಳಿಸಿ, ಬೈಸಿಕೊಂಡು ಬರುತ್ತಿದ್ದ. ಮಿಕ್ಕ ದಿನ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ ಎಂದಿದ್ದ ಅಣ್ಣ. ಇವನ ಒಂಟಿ ಕೋಣೆಯಲ್ಲಿ ನಲವತ್ತು ಗಡಿಯಾರಗಳಿದ್ದವು, ಊಟ ಆಯಿತಾ ಎನ್ನುವ ಒಂದು ಬಾಯಿ ಇರಲಿಲ್ಲ.

ಸಲಹೆ ಕೊಡಲು ಅರ್ಧ ಬಸ್ಸು ಕೆಳಗಿಳಿಯಿತು.

"ಅಡ್ಡಡ್ಡ ಇಡಪ್ಪಾ," ಎಂದಳು ಚೀಲದ ಅಜ್ಜಿ.

"ಅಡ್ಡ ಇಟ್ರೆ ಎದುರಿಗೆ ಬರೋರ ಗತಿ? ಚಕ್ರ ಬಿಚ್ರೀ," ಎಂದರು ನಿವೃತ್ತ ಮೇಷ್ಟ್ರು.

ಇವನು ನಾಲ್ಕು ಸಲ ಎತ್ತಿ ನಾಲ್ಕು ಸಲ ಇಳಿಸಿದ. ಐದನೆಯ ಸಲಕ್ಕೆ ಅವನ ಸೊಂಟ ಕಟಕ್ ಎಂದಿತು. ಕೊನೆಗೆ ಮುಂದಿನ ಚಕ್ರ ಬಿಚ್ಚಿ, ಮಿಕ್ಕಿದ್ದನ್ನು ಅಜ್ಜಿಯ ಶಾಲಿನಿಂದ ಬಿಗಿದು, ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಬಸ್ಸು ಓಡಿಸುವವನಂತೆ ಕೂತ. ಸೊಂಟ ಸೆಳೆಯುತ್ತಿದ್ದರೂ ಮನಸ್ಸು ಹಗುರವಾಗಿತ್ತು. ಇವತ್ತು ಬುಧವಾರ, ಅಣ್ಣ ಕನಸಿನಲ್ಲೂ ಕಾಯುತ್ತಿರುವುದಿಲ್ಲ.

ಇಳಿದು, ಚಕ್ರ ಜೋಡಿಸಿ, ತಳ್ಳಿಕೊಂಡು ಬಂದರೆ ಅಣ್ಣ ಏಣಿಯ ಮೇಲಿದ್ದ. ಸಿಳ್ಳೆ ಹಾಕುತ್ತ ಕಿಟಕಿಗೆ ಬಣ್ಣ ಬಳಿಯುತ್ತಿದ್ದ.

"ಅಣ್ಣಾ!"

ಏಣಿ ಅಲುಗಿತು. ಇವನು ಸೈಕಲ್ಲು ಬಿಸಾಕಿ ಓಡಿಹೋಗಿ ಎರಡೂ ಕೈಯಲ್ಲಿ ಏಣಿ ಹಿಡಿದ. ಈ ಸಲ ಬಿಡಲಿಲ್ಲ. ಆದರೆ ಸೊಂಟವೇ ಅವನ ಕೈಬಿಟ್ಟಿತು, ಹಾಗೇ ನೆಲಕ್ಕೆ ಜಾರಿದ. ಅಣ್ಣ ಅಳಿಲಿನಂತೆ ಸರಸರನೆ ಇಳಿದು ಬಂದ.

"ಯಾವಾಗ ಎದ್ದೆ ಅಣ್ಣಾ?" ಬಿದ್ದುಕೊಂಡೇ ಕೇಳಿದ.

"ಎರಡು ವರ್ಷ ಆಯ್ತು."

"ಒಂದು ಮಾತು ಹೇಳಬಾರದಿತ್ತಾ? ನಾನು ದಿನಾ ಸಾಯ್ತಿದ್ದೆನಲ್ಲ!"

ಅಣ್ಣ ಕೈಯಲ್ಲಿದ್ದ ಬ್ರಷ್ಷನ್ನೇ ನೋಡುತ್ತ ನಿಂತ. "ಹೇಳಿದ್ರೆ ನೀನು ಬರ್ತಿದ್ಯೇನೋ? ನಾನು ಬೀಳೋಕೆ ಮುಂಚೆ ಎಷ್ಟು ಸಲ ಬಂದಿದ್ದೆ, ಹೇಳು ನೋಡೋಣ."

ತಮ್ಮ ಬಿದ್ದಲ್ಲೇ ಬೆರಳು ಮಡಿಸಿ ಎಣಿಸಿದ; ಒಂದು ಬೆರಳಿಗೇ ಲೆಕ್ಕ ಮುಗಿಯಿತು.

ಅಣ್ಣ ಅವನನ್ನು ಎತ್ತಿ ತನ್ನ ಮಂಚದ ಮೇಲೇ ಮಲಗಿಸಿದ. ಮೈ ಒರೆಸಿದ, ಗಡ್ಡ ಬೋಳಿಸಿದ, ಬಾಯ್ತುಂಬ ಬೈದ. ದಿನಾ ಆ ಸೈಕಲ್ಲಿನಲ್ಲಿ ಅಂಗಾತ ಮಲಗಿ, ಬೀದಿಯವರು ಬಿದ್ದುಬಿದ್ದು ನಕ್ಕರೂ ಲೆಕ್ಕಿಸದೆ, ಮುಲಾಮು ತರಲು ಹೋಗುತ್ತಿದ್ದ.

ಮೂರನೆಯ ದಿನ ಅಣ್ಣ ಅತ್ತ ಹೋದ ಮೇಲೆ ತಮ್ಮ ಮೆಲ್ಲಗೆ ಮಗ್ಗುಲಾಗಿ ನೋಡಿದ. ಎದ್ದು ನಿಂತು ನೋಡಿದ. ಬಗ್ಗಿಯೂ ನೋಡಿದ. ನೋವು ಪೂರ್ತಿ ಹೋಗಿತ್ತು.

ಬಾಗಿಲಲ್ಲಿ ಸೈಕಲ್ ಬೆಲ್ಲು ಕೇಳಿತು. ಗಡಬಡಿಸಿ ಮಲಗಿಬಿಟ್ಟ.

"ಹೇಗಿದೆಯೋ ಈಗ?"

"ಹಾಗೇ ಇದೆ ಅಣ್ಣಾ," ಎಂದು ನರಳಿದ.