ಮಾವನವರ ಮಾಜಿ ಬನಿಯನ್ನಿಗೆ ಅಳಿಯನ ಬಿನ್ನಹ

ಹಿಂದೆ ಎದೆ ಕಾಯುತ್ತಿದ್ದು, ಈಗ ಎದೆ ಒಡೆಯುವ ಕೆಲಸಕ್ಕೆ ಬಡ್ತಿ ಪಡೆದಿರುವ, ಹಿತ್ತಲ ಬಾಗಿಲ ಮೊಳೆಯ ಕಾಯಂ ನಿವಾಸಿಗಳಾದ ಶ್ರೀ ಬಿಳಿ ಬನಿಯನ್ (ಸದ್ಯ ಬೂದು) ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಉಳಿದಿರುವ ಒಂದು ತೋಳಿಗೂ, ಬೆನ್ನ ಮೇಲಿನ ಕಿಟಕಿಯಂಥ ತೂತಿಗೂ, ಎಷ್ಟು ಒಗೆದರೂ ಬಿಡದ ಗ್ರೀಸಿನ ಕಲೆಗೂ ಬೇರೆ ಬೇರೆಯಾಗಿ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ, ಕಾರೊಂದನ್ನು ಬಿಟ್ಟು.

ಒಂದು ಬಟ್ಟೆಗೆ ಬಹಿರಂಗ ಪತ್ರ ಬರೆಯುವಷ್ಟು ಬಿಡುವು ಇವನಿಗೆ ಎಲ್ಲಿಂದ ಬಂತು ಎಂದು ಊರಿನವರು ಕೇಳಬಹುದು. ಬಟ್ಟೆ ಹಿಡಿದ ಕೈಗೆ ಬರೆಯುವಷ್ಟು ಧೈರ್ಯ ಬರಲಿಲ್ಲ, ಅದಕ್ಕೆ ಬಟ್ಟೆಗೇ ಬರೆಯುತ್ತಿದ್ದೇನೆ ಎಂಬುದು ನನ್ನ ವಿನಮ್ರ ಉತ್ತರ. ಆ ಕೈ ನನ್ನ ಹೆಂಡತಿ ನೇತ್ರಾವತಿಯ ತಂದೆಯವರಾದ, ಉಬ್ರಾಣಿಯ ವಿರೂಪಾಕ್ಷಪ್ಪನವರದು. ನಮ್ಮ ಕಡೆ ಮಾವನ ಎದುರು ಅಳಿಯ 'ಇನ್ನೊಂದು ರೊಟ್ಟಿ ಬೇಡ' ಎನ್ನುವುದೇ ಕಷ್ಟ. 'ನನ್ನ ಕಾರು ಮುಟ್ಟಬೇಡಿ' ಎನ್ನುವುದಕ್ಕೆ ಬಾಯಿ ಎಲ್ಲಿಂದ ತರುವುದು?

ಚನ್ನಗಿರಿಯಲ್ಲಿ ಮನೆಗೆ ಅಂಟಿಕೊಂಡ ಮಳಿಗೆಯಲ್ಲಿ ಹಳೆಯ ಕಾರುಗಳ ಬಾಡಿದ ಬಣ್ಣಕ್ಕೆ ಮತ್ತೆ ಹೊಳಪು ತರುವ ಅಂಗಡಿ ಇಟ್ಟಿದ್ದೇನೆಂಬುದು ತಮಗೆ ತಿಳಿಯದ ವಿಷಯವೇನಲ್ಲ. 'ಬಣ್ಣ ಬಾಡಿದ ಗಾಡಿ, ಬಿಟ್ಟು ಹೋಗಿ, ಬಂದು ನೋಡಿ' ಎಂದು ಬೋರ್ಡು ಬರೆಸಿದ್ದೆ. ಬೋರ್ಡಿನವರು ಅಕ್ಷರ ದಪ್ಪ ಮಾಡುವ ಉತ್ಸಾಹದಲ್ಲಿ ಜಾಗ ಮುಗಿಸಿಕೊಂಡು ಕೊನೆಯ ಎರಡು ಪದ ಕೈಬಿಟ್ಟರು. ಈಗ ಅಲ್ಲಿ 'ಬಣ್ಣ ಬಾಡಿದ ಗಾಡಿ ಬಿಟ್ಟು ಹೋಗಿ' ಎಂದಷ್ಟೇ ಇದೆ. ಪ್ರಾಸವೂ ಹೋಯಿತು, ಗಿರಾಕಿಯ ವಿಶ್ವಾಸವೂ ಹೋಯಿತು. ಹೀಗಾಗಿ ಹೊನ್ನಾಳಿಯಿಂದಲೋ ನ್ಯಾಮತಿಯಿಂದಲೋ ಬಂದವರು ಬೋರ್ಡು ನಂಬುವುದಿಲ್ಲ, ಅಂಗಡಿ ಮುಂದೆ ನಿಂತ ನನ್ನ ಹದಿನಾರು ವರ್ಷದ ಕಪ್ಪು ಕಾರನ್ನು ನೋಡುತ್ತಾರೆ. ಅದರಲ್ಲಿ ತಮ್ಮ ಮುಖ ಕಂಡರೆ ಒಳಗೆ ಬರುತ್ತಾರೆ, ಇಲ್ಲದಿದ್ದರೆ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಹೋಗುತ್ತಾರೆ.

ಅಂಥ ಕಾರಿನ ಮೈಮೇಲೆ ತಾವು ನಡೆಸಿರುವ ಕಲಾಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ನೆರಳಲ್ಲಿ ನೋಡಿದರೆ ಏನೂ ಇಲ್ಲ. ಬಿಸಿಲು ಬಿತ್ತೋ, ಬಾನೆಟ್ಟಿನ ತುಂಬ ಸುತ್ತು, ಸುತ್ತಿನೊಳಗೆ ಸುತ್ತು, ಜೇಡ ಒಂದು ರಜೆಯಿಲ್ಲದೆ ದುಡಿದಂತೆ. ಪ್ರೌಢಶಾಲೆಯಲ್ಲಿ ಕೈವಾರ ಹಿಡಿದು ನಾನು ಎಳೆದ ಒಂದು ವೃತ್ತವೂ ಎರಡು ತುದಿ ಕೂಡಿದ್ದಿಲ್ಲ. ಕೈವಾರವಿಲ್ಲ, ಪೆನ್ಸಿಲಿಲ್ಲ, ಬರೀ ರಸ್ತೆಯ ಧೂಳು ಮೆತ್ತಿಕೊಂಡು ತಾವು ಇಷ್ಟು ದುಂಡಗೆ ಗೀಚಿದ್ದೀರಿ. ಪ್ರಶಸ್ತಿ ಕೊಡುವವರು ಯಾರೂ ಇತ್ತ ಬಾರದಿರುವುದು ನಾಡಿನ ದುರ್ದೈವ.

ತಮ್ಮೊಬ್ಬರದೇ ತಪ್ಪೆಂದು ನಾನು ಹೇಳುತ್ತಿಲ್ಲ. ಉಬ್ರಾಣಿಯ ಮನೆಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮೇಲೆ ಮಾವನವರ ಅಂಗೈ ಸುಮ್ಮನಿರಲು ಒಪ್ಪುತ್ತಿಲ್ಲ. ಬೆಳಿಗ್ಗೆ ಎದ್ದರೆ ಒಂದು ಪ್ರಾಣಿಯ ಮೈ ತಿಕ್ಕಿದ ಹೊರತು ಅವರಿಗೆ ಕಾಫಿ ಇಳಿಯುವುದಿಲ್ಲ. ಮಗಳ ಮನೆಗೆ ಬಂದು ನೆಲೆಸಿದವರಿಗೆ ಅಂಗಳದಲ್ಲಿ ಕಪ್ಪಗೆ, ಗಟ್ಟಿಯಾಗಿ, ಹಾಯದೆ ಒದೆಯದೆ ನಿಂತ ಪ್ರಾಣಿ ಅದೊಂದೇ ಸಿಕ್ಕಿತು. ತಮ್ಮನ್ನು ಮೊಳೆಯಿಂದ ಇಳಿಸುತ್ತಾರೆ, ಒಂದು ಸಲ ಕೊಡವುತ್ತಾರೆ, ಒಣಗಿದ ಧೂಳಿನ ಮೇಲೆಯೇ ಗರಗರ ತಿಕ್ಕುತ್ತಾರೆ.

ಒಮ್ಮೆ ಧೈರ್ಯ ಮಾಡಿ ಬಾಯಿ ತೆರೆದಿದ್ದುಂಟು.

"ಮಾವಾರೆ, ನೀವ್ಯಾಕೆ ತೊಂದರೆ ತಗೋತೀರಿ, ಬಿಡ್ರಿ," ಎಂದೆ.

"ಅಯ್ಯ, ಇದರಾಗೇನು ತೊಂದರೆ ಐತೆ ಅಳಿಯಂದ್ರೇ! ಕುಂತು ಉಣ್ಣಾಕೆ ಬಂದೀನಾ ನಾನು?" ಎಂದವರೇ, ನನ್ನ ಸೌಜನ್ಯಕ್ಕೆ ಮೆಚ್ಚಿ ಹಿಂಬದಿಯ ಡಿಕ್ಕಿಗೂ ತಮ್ಮಿಂದ ಒಂದು ಸುತ್ತು ಹೆಚ್ಚಿಗೆ ಹಾಕಿಸಿದರು. ಅಂದಿನಿಂದ ನಾನು ಸೌಜನ್ಯ ಬಿಟ್ಟಿದ್ದೇನೆ.

ಆಮೇಲೆ ಕಾರಿಗೆಂದೇ ತಯಾರಾಗುವ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಅವರ ಕೈಗೆ ಕೊಟ್ಟೆ. ಅದನ್ನು ಹೆಗಲಿಗೆ ಹಾಕಿಕೊಂಡು ಊರೆಲ್ಲ ತಿರುಗಿ, "ನಮ್ಮ ಅಳಿಯಂದ್ರು ಕೊಟ್ಟ ಟವೆಲು ನೋಡ್ರಿ, ಹೆಂಗೆ ಬೆಣ್ಣೆ ಇದ್ದಂಗೈತೆ" ಎಂದು ತೋರಿಸಿ ಬಂದು, ಮಾರನೆಯ ಬೆಳಿಗ್ಗೆ ಅದನ್ನು ಜೋಪಾನವಾಗಿ ಮಡಿಚಿಟ್ಟು ಕಾರಿಗೆ ತಮ್ಮನ್ನೇ ಕರೆದರು. ತಮಗೆ ಆ ಹೊತ್ತಿನಲ್ಲಿ ಒಂದಿಷ್ಟು ಹೆಮ್ಮೆಯಾಗಿರಬೇಕು. ಆಗಲಿ.

ಈಗ ನನ್ನ ಸಂಕಟದ ಅಸಲು ಭಾಗಕ್ಕೆ ಬರುತ್ತೇನೆ. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ಪದರವಿರುತ್ತದೆ, ಹಾಲಿನ ಕೆನೆಗಿಂತ ತೆಳುವಾದದ್ದು. ಗೀರು ಬೀಳುವುದು ಅದರ ಮೇಲೆ. ಪಾಲಿಶ್ ಮೆಷಿನ್ ಹಿಡಿದು ನಾವು ಗೀರು ಮಾಯ ಮಾಡುವುದೂ ಅದನ್ನೇ ಒಂಚೂರು ಸವೆಸಿ, ಗೀರಿನ ತಳಕ್ಕೆ ಸಮ ಮಾಡಿ. ತಾವು ಗೀಚಿದ್ದೀರಿ, ನಾನು ಸವೆಸಿದ್ದೇನೆ, ತಾವು ಮತ್ತೆ ಗೀಚಿದ್ದೀರಿ, ನಾನು ಮತ್ತೆ ಸವೆಸಿದ್ದೇನೆ. ನಮ್ಮಿಬ್ಬರ ಜಗಳದಲ್ಲಿ ಬಡವಾದದ್ದು ಕಾರು. ಹೋದ ವಾರ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದಾಗ, ಇನ್ನೊಂದು ಸಲದ ಪಾಲಿಶಿಗೆ ಸಾಲುವಷ್ಟು ಪದರ ಮಾತ್ರ ಉಳಿದಿತ್ತು. ಅದೂ ಮುಗಿದರೆ ಮುಂದಿನ ಗೀರು ಶಾಶ್ವತ, ಶಿಲಾಶಾಸನದಂತೆ.

ಅದೇ ವಾರ ಜಗಳೂರಿನ ತಿಪ್ಪೇಶ್ ಎಂಬವರು ಫೋನ್ ಮಾಡಬೇಕೆ? ಮದುವೆಗಳಿಗೆ ಕಾರು ಬಾಡಿಗೆಗೆ ಬಿಡುವವರು ಅವರು. ಮನೆಯ ಮುಂದೆ ಮಾಸಿದ ಕಾರುಗಳ ಸಾಲೇ ಇದೆಯಂತೆ.

"ನಿಮ್ ಬೋರ್ಡ್ ಓದಿದ್ರೆ ಗಾಡಿ ಬಿಡಾಕೆ ಭಯ ಆಗತೈತ್ರೀ," ಎಂದರು. "ಭಾನುವಾರ ಬರ್ತೀನಿ. ನಿಮ್ ಸ್ವಂತ ಕಾರು ಬಿಸ್ಲಿಗೆ ನಿಲ್ಸಿರ್ರಿ. ಅದು ಫಳಫಳ ಅಂದ್ರೆ ನನ್ ಗಾಡಿ ಎಲ್ಲಾ ನಿಮಗೇ."

ಆ ಕೆಲಸ ಸಿಕ್ಕರೆ ಅಂಗಡಿ ನಿಲ್ಲುತ್ತದೆ. ಸಿಗದಿದ್ದರೆ ಬೋರ್ಡು ಆಗಲೇ ಸಲಹೆ ಕೊಟ್ಟಿರುವಂತೆ ನಾನೇ ಬಿಟ್ಟು ಹೋಗಬೇಕು. ಆದ್ದರಿಂದ ಶನಿವಾರ ಮಧ್ಯಾಹ್ನ ಉಸಿರು ಬಿಗಿಹಿಡಿದು ಕೊನೆಯ ಪಾಲಿಶ್ ಹೊಡೆದೆ. ಸುತ್ತುಗಳೆಲ್ಲ ಒಂದೊಂದಾಗಿ ಕರಗಿ, ಗಾಳಿಯಿಲ್ಲದ ಹೊತ್ತಿನ ಸೂಳೆಕೆರೆಯ ನೀರಿನಂತೆ ಬಾನೆಟ್ಟು ತೆಪ್ಪಗೆ ಆಕಾಶ ತೋರಿಸಿತು. ಮೇಲೆ ಹೊದಿಕೆ ಹೊದಿಸಿ, ನಾಲ್ಕೂ ಮೂಲೆ ಕಟ್ಟಿ ಒಳಗೆ ಹೋದೆ.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕಿಟಕಿಯಲ್ಲಿ ನೋಡುತ್ತೇನೆ: ಹೊದಿಕೆ ಅಂದವಾಗಿ ಮಡಿಚಿ ಜಗುಲಿಯ ಮೇಲಿದೆ, ಸುಗ್ಗಿ ಕಾಲದ ರಸ್ತೆಯ ಮೆಕ್ಕೆಜೋಳದ ಧೂಳು ಆಗಲೇ ಬಾನೆಟ್ಟಿನ ಮೇಲೆ ತೆಳ್ಳಗೆ ಕೂತಿದೆ, ಅದರ ಮುಂದೆ ಮಾವನವರು ನಿಂತಿದ್ದಾರೆ, ಅವರ ಅಂಗೈಯಲ್ಲಿ ತಾವಿದ್ದೀರಿ. ಆ ಕ್ಷಣ ಮನಸ್ಸಿನಲ್ಲೇ ತಮಗೆ ಸಲ್ಲಿಸಿದ ಬೇಡಿಕೆಗಳನ್ನು ಇಲ್ಲಿ ದಾಖಲಿಸುತ್ತೇನೆ. ತಾವು ದಯಮಾಡಿ ಹಕ್ಕಿಯಾಗಿ ಹಾರಬೇಕು. ಅದಾಗದಿದ್ದರೆ ಅಲ್ಲೇ ನೂಲುನೂಲಾಗಿ ಬಿಚ್ಚಿಕೊಳ್ಳಬೇಕು. ಅದೂ ಆಗದಿದ್ದರೆ ಕೊನೆಯ ಪಕ್ಷ ಬಾಯಿ ಬಂದು, 'ವಿರೂಪಾಕ್ಷಪ್ಪನವರೇ, ನನಗಿವತ್ತು ಮೈ ಸರಿಯಿಲ್ಲ' ಎನ್ನಬೇಕು. ತಾವು ಮೂರರಲ್ಲಿ ಒಂದನ್ನೂ ಮನ್ನಿಸಲಿಲ್ಲ. ಮನ್ನಿಸಿದ್ದು ಕಾಫಿ ಲೋಟ ಹಿಡಿದು ಹೊರಗೆ ಹೋದ ನೇತ್ರಾವತಿ.

"ಅಪ್ಪಾ, ಎತ್ತಿನ ಮೈಯ ನೀರು ಹಾಕ್ದೆ ತಿಕ್ತಿದ್ಯಾ ನೀನು?" ಎಂದು ಅವಳು ಕೇಳುವ ಹೊತ್ತಿಗೆ ತಾವು ಬಾನೆಟ್ಟಿನಿಂದ ಒಂದು ಗೇಣು ಮೇಲಿದ್ದಿರಿ.

"ನೀರಿಲ್ದೆ ತಿಕ್ಕಿದ್ರೆ ಚರ್ಮ ಕೀಳತೈತಲ್ಲವ್ವಾ," ಎಂದರು ಮಾವ.

"ಇದಕ್ಕೂ ಕೀಳತೈತೆ."

ತಾವು ಎರಡು ಗೇಣು ಮೇಲೇರಿದಿರಿ.

"ಮತ್ತೆ ಹಿಂಗೆ ಸುತ್ತ ಯಾಕೆ ತಿಕ್ತೀಯ? ಎತ್ತಿಗೂ ಸುತ್ತ ತಿಕ್ತಿದ್ಯಾ?"

"ಎತ್ತಿಗಾದ್ರೆ ಕೂದಲು ಎತ್ಲಾಗೆ ಮಲಗಿರ್ತಾವೋ ಅತ್ಲಾಗೆ ಒರೆಸ್ತಿದ್ದೆ. ಇದಕ್ಕೆ ಕೂದಲೇ ಇಲ್ಲ, ಎತ್ಲಾಗಂತ ಒರೆಸ್ಲಿ? ಅದಕ್ಕೇ ಸುತ್ತ ಒರೆಸ್ತೀನಿ, ಯಾವ ಕಡೆಗೂ ಅನ್ಯಾಯ ಆಗಬಾರ್ದು ಅಂತ."

ಮಾನ್ಯರೇ, ತಿಂಗಳುಗಟ್ಟಲೆ ನನ್ನ ನಿದ್ದೆ ಕೆಡಿಸಿದ ಆ ಸುತ್ತುಗಳ ಹಿಂದೆ ಇಷ್ಟು ದೊಡ್ಡ ನ್ಯಾಯಬುದ್ಧಿ ಕೆಲಸ ಮಾಡುತ್ತಿತ್ತೆಂದು ಕಿಟಕಿಯ ಹಿಂದೆ ಪಂಚೆ ಹಿಡಿದು ನಿಂತ ನನಗೆ ಅಂದೇ ತಿಳಿದದ್ದು. ನೇತ್ರಾವತಿ ಕಣ್ಣು ಮಿಟುಕಿಸದೆ ಹೇಳಿದಳು:

"ಇದಕ್ಕೂ ಕೂದಲೈತಪ್ಪಾ. ಬಾಳ ಸಣ್ಣವು, ಕಣ್ಣಿಗೆ ಕಾಣಲ್ಲ. ಮುಂದಿಂದ ಹಿಂದಕ್ಕೆ ಮಲಗ್ಯಾವೆ."

ಮಾವನವರು ಬಗ್ಗಿದರು. ಧೂಳಿಲ್ಲದ ಬಾಗಿಲ ಹಿಡಿಕೆಯ ಹತ್ತಿರ ಬೆರಳ ತುದಿಯಿಂದ ಮುಂದಿನಿಂದ ಹಿಂದಕ್ಕೆ ಸವರಿದರು, ಆಮೇಲೆ ಹಿಂದಿನಿಂದ ಮುಂದಕ್ಕೆ. ಮುಖ ಅರಳಿತು. "ಹೌದಲ್ಲಲೇ!" ಎಂದವರೇ ತಮ್ಮನ್ನು ಜಗುಲಿಗೆ ಎಸೆದು, ಶಾಂಪೂ ನೀರಿನ ಬಕೆಟ್ಟು ತರಿಸಿ, ಧೂಳನ್ನು ಧಾರಾಳವಾಗಿ ತೊಳೆದು, ಮಗಳು ಕೊಟ್ಟ ಮೆತ್ತನೆಯ ಬಟ್ಟೆಯಲ್ಲಿ ಮುಂದಿನಿಂದ ಹಿಂದಕ್ಕೆ, ಒತ್ತದೆ, ನೀವಿದಂತೆ ಒರೆಸಿದರು. ನಡುನಡುವೆ 'ಹೋ, ಹೋ' ಎಂದು ಕಾರಿಗೆ ಸಮಾಧಾನವನ್ನೂ ಹೇಳಿದರು.

ತಿಪ್ಪೇಶ್ ಬಂದದ್ದು ಅಷ್ಟರಲ್ಲೇ. ಬಿಸಿಲಿಗೆ ಕುತ್ತಿಗೆ ಸೊಟ್ಟ ಮಾಡಿ, ಕುಕ್ಕರುಗಾಲಲ್ಲಿ ಕೂತು, ಎದ್ದು, ಮತ್ತೆ ಕೂತು ನೋಡಿ, "ಒಂದು ಗೀರೂ ಇಲ್ವಲ್ರೀ!" ಎಂದರು.

"ಕೂದಲು ನೋಡ್ಕೊಂಡು ಒರೆಸಿದ್ರೆ ಗೀರು ಎಲ್ಲಿಂದ ಬರ್ತಾವ್ರೀ ಯಜಮಾನ್ರೇ?" ಎಂದರು ಮಾವನವರು.

ತಿಪ್ಪೇಶ್ ನನ್ನನ್ನು ನೋಡಿದರು, ನಾನು ನೇತ್ರಾವತಿಯನ್ನು ನೋಡಿದೆ, ಅವಳು ಖಾಲಿ ಲೋಟ ನೋಡಿದಳು. ಕಾರುಗಳೆಲ್ಲ ನನಗೇ ಬಂದವು, ಒಂದು ಷರತ್ತಿನ ಮೇಲೆ: "ಪಾಲಿಶ್ ನೀವೇ ಮಾಡ್ರಿ, ಬ್ಯಾಡ ಅನ್ನಲ್ಲ. ಕೊನೇಗೆ ಒರೆಸೋದು ಮಾತ್ರ ಯಜಮಾನ್ರೇ ಒರೆಸ್ಬೇಕು. ಅವ್ರಿಗೆ ಗಾಡಿ ಮೈ ಗೊತ್ತೈತೆ."

ಹೀಗೆ ದಿನವಿಡೀ ಮೆಷಿನ್ ಹಿಡಿದು ಬೆನ್ನು ಬಗ್ಗಿಸುವವನು ನಾನು, ಜಗಳೂರಿನವರೆಗೂ ಹೆಸರು ಮಾಡಿದವರು ಮಾವ. ಗಂಧ ತೇದದ್ದು ಅಳಿಯ, ಘಮಘಮ ಅಂದದ್ದು ಹಿರಿಯ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ, ಅಂಗಡಿ ಉಳಿದಿದೆ. ತಮ್ಮಲ್ಲಿ ನನ್ನದು ಒಂದೇ ಕೋರಿಕೆ: ಇಷ್ಟು ಕಾಲದ ಸೇವೆ ಸಾಕು, ತಾವು ಗೌರವಪೂರ್ವಕ ನಿವೃತ್ತಿ ಪಡೆಯಬೇಕು. ತಮಗೆ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಹಗುರ ಹುದ್ದೆಯೊಂದನ್ನು ನೇತ್ರಾವತಿ ಖಾಲಿ ಇಟ್ಟಿದ್ದಾಳೆ. ಅಲ್ಲಿ ಎಷ್ಟು ಸುತ್ತು ತಿಕ್ಕಿದರೂ ಯಾರೂ ಬಿಸಿಲಿಗೆ ಹಿಡಿದು ನೋಡುವುದಿಲ್ಲ.

ಉಳಿದ ತೆಳು ಪದರದಷ್ಟೇ ಗಟ್ಟಿಯಾದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಕೊಟ್ರೇಶ್
ಚನ್ನಗಿರಿ

ತಾ.ಕ.: ಇಂದು ಬೆಳಿಗ್ಗೆ ಮಾವನವರು ತೊಟ್ಟ ಬನಿಯನ್ನಿನ ಹೆಗಲಲ್ಲಿ ಹೊಸದೊಂದು ತೂತು ಕಾಣಿಸಿಕೊಂಡಿದೆ. ಅದರೊಳಗೆ ಬೆರಳು ತೂರಿಸಿ ಅಗಲ ನೋಡುತ್ತಾ, ಅವರು ತುಂಬ ಹೊತ್ತು ನೇತ್ರಾವತಿಯ ಸ್ಕೂಟಿಯ ಕಡೆಗೇ ನೋಡುತ್ತಿದ್ದರು. ಸ್ಕೂಟಿಯ ಕೂದಲು ಎತ್ಲಾಗೆ ಮಲಗಿದೆಯೆಂದು ಅವರಿಗೆ ಯಾರೂ ಇನ್ನೂ ಹೇಳಿಲ್ಲ. ನಾನಂತೂ ಹೇಳುವುದಿಲ್ಲ, ಅದು ಅಪ್ಪ-ಮಗಳ ವಿಷಯ.