ಬಲಗಡೆ ಮನೆಯ ರೊಟ್ಟಿ ಸದ್ದು

ಬಂದ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಹೊಟ್ಟೆಯಲ್ಲೇ ಕೂತು ಹುಳಿತೇಗು ತರಿಸುತ್ತದೆ ಎಂಬುದು ನನ್ನ ಅರವತ್ತೆರಡು ವರ್ಷಗಳ ಅನುಭವ. ಹೋದ ತಿಂಗಳವರೆಗೂ ನನ್ನ ಸಿಟ್ಟಿಗೊಂದು ಖಾಯಂ ವಿಳಾಸವಿತ್ತು: ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿ, ನಮ್ಮ ಬಲಗಡೆಯ ಮನೆ. ಅಲ್ಲಿರುವುದು ಸರಳಾ ಎಂಬ ತೆಲುಗು ಹೆಣ್ಣುಮಗಳು, ಆಕೆಯ ಗಂಡ. ಚಪ್ಪಲಿ ಸ್ಟ್ಯಾಂಡನ್ನು ನಮ್ಮ ಬಾಗಿಲ ಕಡೆ ಒಂದು ಗೇಣು ಸರಿಸಿದ್ದಕ್ಕೆ ನಾನು ಅವರೊಂದಿಗೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ನನ್ನ ಹೆಂಡತಿ ಶಾಂತಾಳೂ ಬಿಟ್ಟಿದ್ದಾಳೆಂದೇ ತಿಳಿದಿದ್ದೆ.

ಇಲ್ಲಿ ನನ್ನ ಎಡಗಿವಿಯ ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕಂಪ್ರೆಸರಿನ ಪಕ್ಕದ ಮೇಜಿನಲ್ಲಿ ಕೂತೆ. ಎಡಗಿವಿ ಅದರ ಕಡೆಗಿತ್ತು. ನನಗಿಂತ ಮೊದಲೇ ಅದು ನಿವೃತ್ತಿಯಾಯಿತು. ನಾನು ಯಾರಿಗೂ ಬಾಯಿ ಬಿಡಲಿಲ್ಲ. ಒಮ್ಮೆ ದಿಲ್‌ಸುಖ್‌ನಗರದಲ್ಲಿ ರಸ್ತೆ ದಾಟುವಾಗ ಆಟೋ ಹಾರ್ನ್ ಹೊಡೆಯಿತು. ಬಲಗಡೆಯಿಂದ ಬಂತೆಂದು ಎಡಕ್ಕೆ ಹಾರಿದೆ. ಆಟೋ ಎಡಗಡೆಯೇ ಇತ್ತು. ಅವನು ಬ್ರೇಕು ಹಾಕಿ, ನನ್ನ ವಂಶವನ್ನೆಲ್ಲ ನೆನೆದ. ಹಾರ್ನ್ ಹೊಡೆಯಲು ನಿನಗೆ ಯಾರು ಕಲಿಸಿದರು ಎಂದು ನಾನೂ ಬಿಡದೆ ಜಗಳಾಡಿದೆ. ಮನೆಯಲ್ಲೂ ಇದೇ ಕಥೆ. "ರೀ" ಎಂದು ಶಾಂತಾ ಕರೆಯುತ್ತಾಳೆ, "ಎಲ್ಲಿದ್ದೀ" ಎಂದರೆ "ಇಲ್ಲೇ ಅದೀನ್ರಿ" ಎನ್ನುತ್ತಾಳೆ. ಇಲ್ಲೇ ಎಂದರೆ ಎಲ್ಲಿ? ಮನುಷ್ಯರಿಗೆ ವಿಳಾಸ ಹೇಳುವ ಶಿಸ್ತೇ ಇಲ್ಲವೆಂದು ರೇಗುತ್ತಿದ್ದೆ.

ಹೀಗಿರುವಾಗ ರೊಟ್ಟಿ ಸದ್ದು ಶುರುವಾಯಿತು. ಊಟ ಮುಗಿಸಿ ನಾನು ಹಾಲಿನ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚುತ್ತೇನೆ. ಬಲಕ್ಕೆ ಸರಳಾ ಮನೆಯ ಗೋಡೆ, ಎಡಕ್ಕೆ ನಮ್ಮ ಅಡುಗೆಮನೆ. ಶಾಂತಾ ಒಳಗೆ ಅಡ್ಡಾಗಿರುತ್ತಾಳೆ ಎಂದು ನನ್ನ ಲೆಕ್ಕ. ಸರಿಯಾಗಿ ಮೂರಕ್ಕೆ ಬಲಗಡೆಯಿಂದ ಪಟಪಟ, ಪಟಪಟ. ಜೋಳದ ರೊಟ್ಟಿ ಬಡಿಯುವ ಸದ್ದು. ಕಲಬುರಗಿಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ದಿನ ಸಹಿಸಿದೆ, ಮೂರು ದಿನ ಸಹಿಸಿದೆ. ನಿದ್ದೆ ಕೆಡಿಸಿದ್ದು ಹಾಗಿರಲಿ, ಬಡಿಯುವುದಾದರೂ ಸರಿಯಾಗಿ ಬಡಿಯಬಾರದೇ! ನಡುನಡುವೆ ನಿಲ್ಲುತ್ತದೆ, ಮತ್ತೆ ಗಡಿಬಿಡಿಯಲ್ಲಿ ಓಡುತ್ತದೆ. ನಾಲ್ಕನೆಯ ದಿನ ಲುಂಗಿ ಬಿಗಿದು ಹೋಗಿ ಬಲಗಡೆ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆರೆಯುವ ಮೊದಲೇ ನನ್ನ ಬಾಯಿ ತೆರೆದಿತ್ತು. ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಎಂಟು ತಿಂಗಳ ಬಾಕಿಯನ್ನೆಲ್ಲ ಸುರಿದೆ. ವಯಸ್ಸಾದವರು ಮಲಗುವ ಹೊತ್ತಿನ ಪರಿವೆ ಬೇಡವೇ ಎಂದೆ. ರೊಟ್ಟಿಯ ತಾಳ ತಪ್ಪಿದೆ, ಬಡಿಯಲು ಬರದಿದ್ದರೆ ನನ್ನ ಹೆಂಡತಿಯ ಹತ್ತಿರ ಕಲಿತುಕೊಳ್ಳಿ ಎಂದೂ ಸೇರಿಸಿದೆ. ಸರಳಾ ಬಲಗೈ ಮುಂದೆ ಚಾಚಿದಳು. ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್.

"ಈ ಚೇತ್ತೋನಾ, ಅಂಕುಲ್?" ಎಂದಳು. ಈ ಕೈಯಲ್ಲೇ?

ಅಷ್ಟರಲ್ಲಿ ಹಿಂದಿನಿಂದ ಶಾಂತಾ ಬಂದಳು. ಕೈಗೆಲ್ಲ ಜೋಳದ ಹಿಟ್ಟು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಹಬೆ ಏಳುತ್ತಿತ್ತು. ಪಾಪ, ಸರಳಾ ಬಚ್ಚಲಲ್ಲಿ ಜಾರಿ ಬಿದ್ದು ಐದು ದಿನವಾಗಿತ್ತಂತೆ. ಗಂಡ ನಾಲ್ಕಕ್ಕೆ ಎರಡನೆಯ ಶಿಫ್ಟಿಗೆ ಹೊರಡಬೇಕು, ಬುತ್ತಿಗೆ ರೊಟ್ಟಿ ಬೇಕು. ಹಾಗಾಗಿ ನಾನು ಗೊರಕೆ ಹೊಡೆಯುವ ಹೊತ್ತಿನಲ್ಲಿ ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡು ನಮ್ಮಾಕೆಯೇ ಬಡಿಯುತ್ತಿದ್ದಳು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀವು ಮನಿ ತಲಿ ಮ್ಯಾಲ ಹೊತ್ಕೊಂಡು ಕುಣೀತಿದ್ರಿ. ನೀವು ಏಳೂದ್ರಾಗ ಮುಗಸಬೇಕಂತ ಗಡಿಬಿಡಿ ಮಾಡತಿದ್ದೆ. ಅದಕ್ಕ ತಾಳ ತಪ್ಪೇತಿ," ಎಂದು ನನ್ನನ್ನು ದಾಟಿ ಒಳಗೆ ಹೋದಳು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇಷ್ಟು ಚೆನ್ನಾಗಿ ಬೈದದ್ದೆಲ್ಲ ದಂಡವಾಯಿತಲ್ಲ ಎಂದು ಸಿಟ್ಟೂ ಬಂತು.

ನಮ್ಮದೇ ಅಡುಗೆಮನೆಯ ಸದ್ದು ಬಲಗಡೆಯಿಂದ ಕೇಳಿದ್ದು ಹೇಗೆಂದು ಮರುದಿನ ಶಾಂತಾ ನನ್ನನ್ನು ಕಿವಿ ಡಾಕ್ಟರ ಬಳಿ ಎಳೆದೊಯ್ದಳು. ಎಡದ ಸದ್ದು ಎಡಗಿವಿಗೆ ಕೂದಲೆಳೆಯಷ್ಟು ಮೊದಲು ಮುಟ್ಟುತ್ತದೆ, ಒಂದಿಷ್ಟು ಜೋರಾಗಿಯೂ ಕೇಳುತ್ತದೆ. ಆ ವ್ಯತ್ಯಾಸವನ್ನು ಅಳೆದೇ ಮಿದುಳು ದಿಕ್ಕು ಹೇಳುತ್ತದೆ ಎಂದರು ಡಾಕ್ಟರು. ಒಂದೇ ಕಿವಿ ಕೆಲಸ ಮಾಡಿದರೆ ಹೋಲಿಸುವುದಕ್ಕೆ ಎರಡನೆಯದು ಇರುವುದಿಲ್ಲ, ಎಲ್ಲ ಸದ್ದೂ ಕೇಳುವ ಕಿವಿಯ ಕಡೆಯಿಂದಲೇ ಬಂದಂತೆ ಅನ್ನಿಸುತ್ತದಂತೆ. ನನಗೆ ಭಾರೀ ಸಮಾಧಾನವಾಯಿತು. ದಾರಿಯಲ್ಲಿ ಶಾಂತಾಳಿಗೆ, "ನೋಡಿದೆಯಾ, ತಪ್ಪು ನನ್ನದಲ್ಲ, ಕಿವಿಯದು" ಎಂದೆ.

"ದಿಕ್ಕು ತಪ್ಪಿದ್ದು ಕಿವಿ, ಖರೆ. ಬೈದದ್ದೂ ಕಿವಿ ಏನ್ರಿ?" ಎಂದಳು.

ಇದಕ್ಕೆ ಡಾಕ್ಟರು ಏನೂ ಬರೆದುಕೊಟ್ಟಿರಲಿಲ್ಲ. ಶಾಂತಾ ತಾನೇ ಬರೆದಳು: ಪ್ಲಾಸ್ಟರ್ ಬಿಚ್ಚುವವರೆಗೆ ರೊಟ್ಟಿ ತಟ್ಟೆ ನಾನೇ ಒಯ್ದು ಕೊಡಬೇಕು. ಒಯ್ಯುತ್ತಿದ್ದೇನೆ. ನಿನ್ನೆ ಸರಳಾ ರೊಟ್ಟಿ ತೆಗೆದುಕೊಂಡು, ಖಾಲಿ ತಟ್ಟೆ ಕೊಡುತ್ತಾ ನನ್ನ ಎಡಗಡೆ ನಿಂತು ಏನೋ ಅಂದಳು. ಕೇಳಲಿಲ್ಲ. ಹಿಂದಿನ ನಾನಾಗಿದ್ದರೆ ಬೈಗುಳವೆಂದೇ ತಿಳಿದು ಹೊರಡುತ್ತಿದ್ದೆ. ಬಲಗಿವಿ ತಿರುಗಿಸಿ, "ಇನ್ನೊಮ್ಮೆ ಹೇಳಮ್ಮಾ" ಎಂದೆ.

"ಇವಾಳ ತಾಳಂ ತಪ್ಪಲೇದು, ಅಂಕುಲ್," ಎಂದು ನಕ್ಕು ಬಾಗಿಲು ಹಾಕಿಕೊಂಡಳು. ಇವತ್ತು ತಾಳ ತಪ್ಪಿಲ್ಲವಂತೆ!

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಲಿ ಎಂದು ನೋಡಿದೆ. ಬಲಕ್ಕೂ ಮುಚ್ಚಿದ ಬಾಗಿಲು, ಎಡಕ್ಕೂ ಮುಚ್ಚಿದ ಬಾಗಿಲು. ನಡುವೆ ಖಾಲಿ ತಟ್ಟೆ ಹಿಡಿದು ನಾನೊಬ್ಬನೇ ನಿಂತಿದ್ದೆ.